ಮೈಲೇಜ್ ಎಷ್ಟು ಕೊಡುತ್ತೆ?

ಹೊಸ ಗಾಡಿ ತಗೊಳ್ಳೋ ಯೋಚನೆ ಇದೆ ಅಂತ ಅಪ್ಪನಿಗೆ ಫೋನ್ ಮಾಡಿದೆ. ಇಲ್ಲಿ ಮೆಲ್ಬರ್ನ್‌ನಲ್ಲಿ ರಾತ್ರಿ ಒಂಬತ್ತೂವರೆ, ತಿಪಟೂರಿನ ಪಕ್ಕದ ನಮ್ಮೂರಲ್ಲಿ ಸಂಜೆ ಐದು. ಅಪ್ಪ ಬಣ್ಣ ಕೇಳಲಿಲ್ಲ, ರೇಟು ಕೇಳಲಿಲ್ಲ.

"ಮೈಲೇಜ್ ಎಷ್ಟು ಕೊಡುತ್ತಲಾ?"

"ಅದು ಹೇಳೋದು ಕಷ್ಟ ಕಣಪ್ಪ."

"ತಗೊಳ್ಳೋನಿಗೇ ಗೊತ್ತಿಲ್ವಾ?"

ಕಂಪನಿಯವರು ನೂರು ಕಿಲೋಮೀಟರಿಗೆ 2 ಲೀಟರ್ ಅಂತ ಹೇಳ್ತಾರೆ, ಅಂದರೆ ನಮ್ಮ ಲೆಕ್ಕದಲ್ಲಿ ಲೀಟರಿಗೆ ಐವತ್ತು ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಐವತ್ತಾ? ಎರಡು ಮೂಟೆ ಕಾಯಿ ಹೇರಿದ್ರೆ ನಮ್ಮ ಟಿವಿಎಸ್ ಎಕ್ಸೆಲ್ ಸೂಪರ್ರೇ ಐವತ್ತು ದಾಟ್ತಿರ್ಲಿಲ್ಲ. ಇದರ ತೂಕ ಎಷ್ಟು?" 2,710 ಕಿಲೋ ಅಂದೆ. "ಯಾರೋ ನಿಂಗೆ ಟೋಪಿ ಹಾಕ್ತಾವ್ರೆ ಕಣ್ಲಾ" ಅಂದು ಫೋನ್ ಅಮ್ಮನ ಕೈಗೆ ಕೊಟ್ಟರು.

ಅಪ್ಪ ಹೇಳಿದ್ದು ಪೂರ್ತಿ ತಪ್ಪಲ್ಲ. ಪ್ಲಗ್-ಇನ್ ಹೈಬ್ರಿಡ್ ಪಿಕಪ್, ಅಂದರೆ ಮನೆ ಕರೆಂಟಿನಲ್ಲಿ ಚಾರ್ಜ್ ಮಾಡೋ ಬ್ಯಾಟರಿಯೂ ಪೆಟ್ರೋಲ್ ಇಂಜಿನ್ನೂ ಎರಡೂ ಇರೋ ಗಾಡಿ, ತಗೊಳ್ಳಬೇಕಾ ಬೇಡವಾ ಅಂತ ಮೂರು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೇನೆ, ಕೊನೆಗೆ ಎಲ್ಲವೂ ಬಂದು ನಿಲ್ಲೋದು ಅಪ್ಪನ ಆ ಒಂದೇ ಪ್ರಶ್ನೆ ಹತ್ತಿರ. ಬೇರೆ ಯಾವ ಗಾಡಿಗಾದರೂ ಉತ್ತರ ಇರುತ್ತೆ. ಬೊಲೆರೊ ಪಿಕಪ್‌ಗೆ ಇಷ್ಟು, ಎಕ್ಸೆಲ್‌ಗೆ ಇಷ್ಟು. ಇದರ ಮೈಲೇಜ್ ಮಾತ್ರ ಗಾಡಿ ಮೇಲೆ ನಿಂತಿಲ್ಲ, ಓಡಿಸುವವನ ಮೇಲೆ ನಿಂತಿದೆ.

ಮೊದಲು ನನ್ನ ಕಥೆ ಹೇಳಿಬಿಡ್ತೀನಿ. ನಾನು ಎಲೆಕ್ಟ್ರಿಷಿಯನ್. ಮೆಲ್ಬರ್ನ್‌ನ ಪಶ್ಚಿಮಕ್ಕೆ ಮೆಲ್ಟನ್‌ನಲ್ಲಿ ಮನೆ. ಮನೆಗಳ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸೋದು ಕೆಲಸ. 2025ರ ಜುಲೈನಲ್ಲಿ ಇಲ್ಲಿನ ಕೇಂದ್ರ ಸರ್ಕಾರ ಮನೆ ಬ್ಯಾಟರಿಗಳಿಗೆ ರಿಯಾಯಿತಿ ಕೊಡೋಕೆ ಶುರು ಮಾಡಿದ ಮೇಲೆ ಪ್ಯಾನೆಲ್‌ಗಿಂತ ಬ್ಯಾಟರಿ ಹೊರೋದೇ ಜಾಸ್ತಿಯಾಗಿದೆ. ಈಗಿರೋದು ಹನ್ನೊಂದು ವರ್ಷದ ಡೀಸೆಲ್ ಯೂಟ್. ಇಲ್ಲಿ ಪಿಕಪ್‌ಗೆ ಯೂಟ್ ಅಂತಾರೆ, ಪಿಕಪ್ ಅಂದರೆ ಅಮೆರಿಕದವನಾ ಅನ್ನೋ ಹಾಗೆ ನೋಡ್ತಾರೆ.

ಅದರ ಕಂಪನಿ ಹೆಸರು ಬೇಡ. ಗಾಡಿ ಕೆಟ್ಟದ್ದೇನಲ್ಲ, ನನ್ನ ಕೆಲಸಕ್ಕೂ ಅದಕ್ಕೂ ಆಗಿಬರಲ್ಲ ಅಷ್ಟೇ. ಈಚಿನ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಒಂದು ಫಿಲ್ಟರ್ ಇರುತ್ತೆ. ಹೊಗೆಯಲ್ಲಿನ ಮಸಿಯನ್ನು ಹಿಡಿದಿಟ್ಟುಕೊಂಡು, ಆಮೇಲೆ ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಟ್ಟು ಖಾಲಿ ಮಾಡಿಕೊಳ್ಳುತ್ತೆ. ಅಷ್ಟು ಬಿಸಿಯಾಗಬೇಕಂದ್ರೆ ಗಾಡಿ ಒಂದೇ ವೇಗದಲ್ಲಿ ಇಪ್ಪತ್ತು ಮೂವತ್ತು ನಿಮಿಷ ಓಡಬೇಕು. ನಾನು ಓಡಿಸೋದು ಹೇಗೆ? ಮನೆಯಿಂದ ಮಗಳ ಸ್ಕೂಲಿಗೆ ಏಳು ನಿಮಿಷ, ಅಲ್ಲಿಂದ ಹೋಲ್‌ಸೇಲ್ ಅಂಗಡಿಗೆ ಹತ್ತು ನಿಮಿಷ, ಅಲ್ಲಿಂದ ಸೈಟಿಗೆ ಕಾಲು ಗಂಟೆ. ಮಸಿ ಸುಡೋಕೆ ಶುರುವಾಗುತ್ತೆ, ಅಷ್ಟರಲ್ಲಿ ನಾನು ಆಫ್ ಮಾಡಿರ್ತೀನಿ. ಹೀಗೆ ಹತ್ತು ಸಲ ಆದರೆ ಮೀಟರ್ ಪಕ್ಕ ಹಳದಿ ದೀಪ ಬರುತ್ತೆ. ಹೋದ ವರ್ಷ ಆ ದೀಪವನ್ನು ಎರಡು ವಾರ ಕಂಡೂ ಕಾಣದ ಹಾಗೆ ಇದ್ದೆ. ಗ್ಯಾರೇಜಿನವನು ಸಾವಿರದ ಎಂಟುನೂರು ಡಾಲರ್ ಬಿಲ್ ಕೈಗಿಟ್ಟು, "ಇನ್ಮೇಲೆ ವಾರಕ್ಕೊಂದು ಸಲ ಹೈವೇಯಲ್ಲಿ ಸುತ್ತಾಡಿಸಿಕೊಂಡು ಬಾ" ಅಂದ, ನಾಯಿಯ ವಿಷಯ ಹೇಳುವ ಹಾಗೆ.

ಅದಕ್ಕೇ ಈಗ ಭಾನುವಾರ ರಾತ್ರಿ ಊಟ ಆದ ಮೇಲೆ ಖಾಲಿ ಗಾಡಿ ಹತ್ತಿ ಬ್ಯಾಲರಾಟ್ ಕಡೆ ಹೋಗಿ ಬರ್ತೀನಿ. ಅಲ್ಲಿ ನಂಗೇನೂ ಕೆಲಸ ಇಲ್ಲ. ಪೆಟ್ರೋಲ್ ಬಂಕ್‌ನಲ್ಲಿ ಒಂದು ಕಾಫಿ ಕುಡಿದು ವಾಪಸ್. ಮಸಿ ಸುಡೋಕೆ ಡೀಸೆಲ್ ಸುಡೋದು. ದಾರಿಯುದ್ದಕ್ಕೂ ಕತ್ತಲೆ, ಅಲ್ಲೊಂದು ಇಲ್ಲೊಂದು ಕಾಂಗರೂ ಬೋರ್ಡು, ಡಿಕ್ಕಿ ಹೊಡೆದರೆ ಅದೊಂದು ಬೇರೆ ಖರ್ಚು.

ಯೂಟ್ ಅನ್ನೋದು ಹುಟ್ಟಿದ್ದು ನಮ್ಮ ಪಕ್ಕದ ಜೀಲಾಂಗ್‌ನಲ್ಲೇ. ಫೋರ್ಡ್ ಕಂಪನಿಯ ಲ್ಯೂ ಬ್ಯಾಂಟ್ ಅನ್ನೋ ಯುವಕ ಡಿಸೈನ್ ಮಾಡಿದ್ದು, 1934ರಲ್ಲಿ ಮಾರಾಟಕ್ಕೆ ಬಂತು. ಗಿಪ್ಸ್‌ಲ್ಯಾಂಡಿನ ಒಬ್ಬ ರೈತನ ಹೆಂಡತಿ ಕಂಪನಿಗೆ ಕಾಗದ ಬರೆದು, ಭಾನುವಾರ ಚರ್ಚಿಗೆ ಹೋಗೋಕೂ ಆಗಬೇಕು, ಸೋಮವಾರ ಹಂದಿಗಳನ್ನ ಮಾರುಕಟ್ಟೆಗೆ ಸಾಗಿಸೋಕೂ ಆಗಬೇಕು, ಅಂಥ ಒಂದು ಗಾಡಿ ಮಾಡಿಕೊಡಿ ಅಂದಳು ಅನ್ನೋ ಕಥೆ ಇಲ್ಲಿ ಎಲ್ಲರೂ ಹೇಳ್ತಾರೆ. ನನಗೆ ಈ ಕಥೆ ಕೇಳಿದಾಗ ನಮ್ಮೂರೇ ನೆನಪಾಗೋದು. ಅದೇ ಬೊಲೆರೊ ಪಿಕಪ್‌ನಲ್ಲಿ ಬೆಳಿಗ್ಗೆ ತಿಪಟೂರು ಎಪಿಎಂಸಿಗೆ ಕೊಬ್ಬರಿ ಹೋಗ್ತಿತ್ತು, ಮಧ್ಯಾಹ್ನ ಜಮಖಾನ ಹಾಸಿದರೆ ಮದುವೆ ದಿಬ್ಬಣ. ಒಂದೇ ಗಾಡಿ ಎರಡು ಬಾಳು ಬಾಳಬೇಕು ಅನ್ನೋ ಆಸೆ ಎಲ್ಲ ಕಡೆ ಇದೆ. ಪ್ಲಗ್-ಇನ್ ಹೈಬ್ರಿಡ್ ಬಂದಿರೋದು ಅದೇ ಆಸೆಗೆ. ವಾರವೆಲ್ಲಾ ಕರೆಂಟು, ದೂರ ಹೋದರೆ ಪೆಟ್ರೋಲು.

ನಾನು ನೋಡಿದ್ದು ಮೂರು ಗಾಡಿ. ಬಿವೈಡಿ ಶಾರ್ಕ್ 6, ಫೋರ್ಡ್ ರೇಂಜರ್ ಪ್ಲಗ್-ಇನ್, ಜಿಡಬ್ಲ್ಯೂಎಂನ ಕ್ಯಾನನ್ ಆಲ್ಫಾ. ರೇಂಜರ್ 3,500 ಕಿಲೋ ಎಳೆಯುತ್ತೆ, ಹಳೇ ಕಾಲದ ಗಟ್ಟಿ ಫೋರ್‌ವೀಲ್ ಇದೆ, ಆದರೆ ಬ್ಯಾಟರಿ ಬರೀ 11.8 ಯೂನಿಟ್. ಲ್ಯಾಬ್ ಲೆಕ್ಕದಲ್ಲೇ ಕರೆಂಟಿನಲ್ಲಿ 49 ಕಿಲೋಮೀಟರ್. ಬಂದಾಗಿನ ಬೆಲೆಯೋ ರಿಜಿಸ್ಟ್ರೇಷನ್ ಖರ್ಚು ಬಿಟ್ಟು 71,990 ಡಾಲರಿನಿಂದ ಶುರುವಾಗಿತ್ತು. ಕ್ಯಾನನ್ ಆಲ್ಫಾಗೆ 37 ಯೂನಿಟ್ ಬ್ಯಾಟರಿ, ಅದೂ ಮೂರೂವರೆ ಟನ್ ಎಳೆಯುತ್ತೆ, ಆದರೆ ನಮ್ಮ ಗ್ಯಾರೇಜಿಗೆ ಅದು ಆನೆ. ಶಾರ್ಕ್‌ನ ಬ್ಯಾಟರಿ 29.58 ಯೂನಿಟ್, ಕರೆಂಟಿನಲ್ಲಿ ನೂರು ಕಿಲೋಮೀಟರ್ ಅಂತಾರೆ, ನಿಜಕ್ಕೆ ನಾನು ಎಪ್ಪತ್ತೈದು ಇಟ್ಟುಕೊಂಡಿದ್ದೇನೆ. ಎಳೆಯೋದು ಎರಡೂವರೆ ಟನ್, ಹೊರೋದು 790 ಕಿಲೋ, ಬಂದಾಗಿನ ಬೆಲೆ 57,900. ಮೂರೂವರೆ ಟನ್ ಎಳೆಯೋಕೆ ಆಗಲ್ಲ ಅಂತ ಸೈಟಿನಲ್ಲಿ ಎಲ್ಲರೂ ಮೂಗು ಮುರೀತಾರೆ. ಹಾಗೆ ಮೂಗು ಮುರಿಯೋರಲ್ಲಿ ಅಷ್ಟು ಭಾರ ಎಳೆದವರನ್ನ ನಾನಂತೂ ಕಂಡಿಲ್ಲ. ನನ್ನ ಟ್ರೇಲರ್ ತುಂಬಿದರೂ 750 ಕಿಲೋ.

ಹೊರೋ ತೂಕ ಮಾತ್ರ ನನಗೆ ಮುಖ್ಯ. ನಾನು, ಹೆಲ್ಪರ್ ಹುಡುಗ, ಏಣಿ, ಅದರ ರ‍್ಯಾಕು, ಟೂಲ್ ಬಾಕ್ಸುಗಳು, ಕೇಬಲ್ ಸುರುಳಿ, ಮೇಲೆ ನೂರಕ್ಕೂ ಜಾಸ್ತಿ ಕಿಲೋ ತೂಗುವ ಒಂದು ಮನೆ ಬ್ಯಾಟರಿ. ಕೂಡಿಸಿ ನೋಡಿದೆ, 640 ಬಂತು. ಬೆಲ್ಲದ ಪೆಟ್ಟಿಗೆ ಹೇರಿದ ಹಾಗೆ ಕಣ್ಣಂದಾಜಲ್ಲಿ ಹೇರೋ ಹಾಗಿಲ್ಲ ಇಲ್ಲಿ, ಮಿತಿ ಮೀರಿದರೆ ಇನ್ಶೂರೆನ್ಸ್ ಕೈ ಎತ್ತುತ್ತೆ.

ಶಾರ್ಕ್ ನೋಡೋಕೆ ಶೋರೂಮಿಗೆ ಟೇಪ್ ತಗೊಂಡು ಹೋಗಿದ್ದೆ. ಸೇಲ್ಸ್ ಹುಡುಗ ದೊಡ್ಡ ಸ್ಕ್ರೀನ್ ತಿರುಗೋದನ್ನ ತೋರಿಸ್ತಿದ್ದ, ನಾನು ಹಿಂದೆ ಹೋಗಿ ಸಾಮಾನು ಹೇರೋ ತೊಟ್ಟಿ ಅಳೀತಿದ್ದೆ. ಡಬಲ್ ಕ್ಯಾಬ್, ಅಂದರೆ ಎರಡು ಸಾಲು ಸೀಟಿನ ಯೂಟ್‌ಗಳ ತೊಟ್ಟಿ ಉದ್ದ ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೂವರೆ ಮೀಟರ್. ಪ್ಯಾನೆಲ್ ಉದ್ದ ಒಂದು ಮುಕ್ಕಾಲು. ಅಂದರೆ ಬಾಗಿಲು ಮುಚ್ಚಲ್ಲ. ಈಗಿನದರಲ್ಲೂ ಮುಚ್ಚಲ್ಲ, ಹಾಗಾಗಿ ಅದು ಲೆಕ್ಕಕ್ಕಿಲ್ಲ. ಟೆಸ್ಟ್ ಡ್ರೈವ್‌ಗೆ ಬ್ಯಾಟರಿ ಇಳಿದಿರೋ ಗಾಡಿ ಕೊಡಿ ಅಂದೆ. ಹುಡುಗ ನನ್ನ ಮುಖ ನೋಡಿದ. ತುಂಬಿದ ಬ್ಯಾಟರಿಯಲ್ಲಿ ಯಾವ ಗಾಡಿಯಾದರೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋಗುತ್ತೆ, ಅದನ್ನ ನೋಡಿ ಏನು ಮಾಡೋದು? ನನಗೆ ಬೇಕಿದ್ದದ್ದು ಬ್ಯಾಟರಿ ಇಳಿದ ಮೇಲಿನ ಮುಖ. ಸಿಕ್ಕ ಗಾಡಿಯಲ್ಲಿ ದಿಬ್ಬ ಹತ್ತಿಸಿದೆ. ಇಂಜಿನ್ ಚಿಕ್ಕದು, ಒಂದೂವರೆ ಲೀಟರು, ಅದರ ಮುಖ್ಯ ಕೆಲಸ ಜನರೇಟರಿನದು. ಕಾಲು ಒತ್ತಿದ್ದಕ್ಕೂ ಸದ್ದಿಗೂ ಸಂಬಂಧ ಇರಲ್ಲ. ಎರಡು ಬೀದಿ ಆಚೆ ಹಿಟ್ಟಿನ ಗಿರಣಿ ಓಡ್ತಿರೋ ಹಾಗೆ ಒಂದೇ ಶ್ರುತಿ. ಗಾಡಿ ಮಾತ್ರ ಎಳೆದುಕೊಂಡು ಹೋಯ್ತು. ಬ್ಯಾಟರಿ ಕೆಳಗಿಳಿದಾಗ ನೂರು ಕಿಲೋಮೀಟರಿಗೆ 7.9 ಲೀಟರ್ ಅಂತ ಕಂಪನಿಯವರೇ ಬರೆದಿದ್ದಾರೆ. 2 ಅನ್ನೋದು ದಪ್ಪ ಅಕ್ಷರದಲ್ಲಿ, 7.9 ಸಣ್ಣ ಅಕ್ಷರದಲ್ಲಿ.

ಅಪ್ಪನಿಗೆ ಅನುಮಾನ ಬಂದಿದ್ದು ಇಲ್ಲೇ. ಯುರೋಪಿನಲ್ಲಿ ಇದರ ದೊಡ್ಡ ಲೆಕ್ಕ ಆಗಿದೆ. ಗಾಡಿಯೊಳಗಿನ ಮೀಟರುಗಳಿಂದಲೇ ಅಂಕಿ ತೆಗೆದು ಯುರೋಪಿಯನ್ ಕಮಿಷನ್ 2024ರಲ್ಲಿ ವರದಿ ಕೊಟ್ಟಿತು. 2021ರಲ್ಲಿ ರಿಜಿಸ್ಟರ್ ಆದ ಪ್ಲಗ್-ಇನ್ ಕಾರುಗಳು ರಸ್ತೆಯಲ್ಲಿ ಉಗುಳಿದ್ದ ಕಾರ್ಬನ್ ಲ್ಯಾಬ್ ಲೆಕ್ಕಕ್ಕಿಂತ ಮೂರೂವರೆ ಪಟ್ಟು. ಮುಖ್ಯ ಕಾರಣ ಏನಂದ್ರೆ ಜನ ಚಾರ್ಜೇ ಮಾಡಲ್ಲ. ಬ್ರಿಟನ್‌ನಲ್ಲಂತೂ ಕಂಪನಿಗಳು ಸಿಬ್ಬಂದಿಗೆ ಕೊಟ್ಟ ಕಾರುಗಳು ವರ್ಷಗಳ ಮೇಲೆ ವಾಪಸ್ ಬಂದಾಗ ಕೆಲವು ಕೇಬಲ್‌ಗಳು ಪ್ಲಾಸ್ಟಿಕ್ ಕವರಿನಿಂದ ಹೊರಗೇ ಬಂದಿರಲಿಲ್ಲ ಅಂತ ಸುದ್ದಿಯಾಗಿತ್ತು. ಕರೆಂಟು ತಮ್ಮ ದುಡ್ಡು, ಪೆಟ್ರೋಲು ಕಂಪನಿ ದುಡ್ಡು, ಯಾರು ತಾನೇ ಪ್ಲಗ್ ಚುಚ್ಚುತ್ತಾರೆ?

ನಾನು ಚುಚ್ತೀನಾ? ಇದು ಸುಮ್ನೆ ಕೇಳೋ ಪ್ರಶ್ನೆ ಅಲ್ಲ. ಹಲ್ಲು ಕಚ್ಚುವ ಚಳಿಯಲ್ಲಿ ಸಂಜೆ ಆರಕ್ಕೆ ಮನೆಗೆ ಬಂದಾಗ ಬೂಟು ಬಿಚ್ಚೋಕೂ ಮನಸ್ಸಿರಲ್ಲ. ಫೋನ್ ಚಾರ್ಜಿಗೆ ಹಾಕೋದನ್ನೇ ವಾರಕ್ಕೆರಡು ಸಲ ಮರೀತೀನಿ.

ಇನ್ನೊಂದು ತಮಾಷೆ ನೋಡಿ. ಸೋಲಾರ್ ಕೆಲಸದವನಿಗೆ ಕರೆಂಟ್ ಗಾಡಿ ಅಂದರೆ ಬಿಸಿಲಲ್ಲೇ ಓಡಿಸಬಹುದು ಅಂತ ಎಲ್ಲರೂ ಅಂದುಕೊಳ್ತಾರೆ. ನನ್ನ ಮನೆ ಮಾಡಿನ ಮೇಲೂ 6.6 ಕಿಲೋವ್ಯಾಟ್ ಪ್ಯಾನೆಲ್ ಇದೆ. ಉಳಿದ ಕರೆಂಟನ್ನ ಲೈನಿಗೆ ಕೊಟ್ಟರೆ ಸಿಗೋದು ಏನೇನೂ ಇಲ್ಲ. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ 2019-20ರಲ್ಲಿ ಯೂನಿಟ್ಟಿಗೆ ಕನಿಷ್ಠ 12 ಸೆಂಟ್ ಇದ್ದದ್ದು 2024-25ಕ್ಕೆ 3.3ಕ್ಕೆ ಇಳೀತು. ಹಾಗಿದ್ದಾಗ ಗಾಡಿಗೇ ತುಂಬಿಕೊಳ್ಳೋದು ಜಾಣತನ ಅಲ್ವಾ? ಆದರೆ ನನ್ನ ಮಾಡಿನ ಮೇಲೆ ಬಿಸಿಲು ಬೀಳೋ ಹೊತ್ತಿಗೆ ನಾನೂ ಗಾಡಿಯೂ ಬೇರೆಯವರ ಮಾಡಿನ ಹತ್ತಿರ ಇರ್ತೀವಿ. ಗಾಡಿ ಮನೆಗೆ ಬರೋದು ಬಿಸಿಲು ಹೋದ ಮೇಲೆ. ಹಾಗಾಗಿ ನನಗೆ ಉಳಿಯೋದು ರಾತ್ರಿ ಕರೆಂಟು. ಕರೆಂಟ್ ಗಾಡಿ ಇರೋರಿಗೆ ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಯೂನಿಟ್ಟಿಗೆ 8 ಸೆಂಟ್ ಹಾಕುವ ಪ್ಲಾನುಗಳಿವೆ. ಮಾಮೂಲಿ ಸಾಕೆಟ್‌ನಲ್ಲಿ ಆ ಆರು ಗಂಟೆಗೆ ಅರ್ಧ ಬ್ಯಾಟರಿಯೂ ತುಂಬಲ್ಲ, ಏಳು ಕಿಲೋವ್ಯಾಟಿನ ಚಾರ್ಜರ್ ಗೋಡೆಗೆ ಹಾಕಿದರೆ ಪೂರ್ತಿ ತುಂಬುತ್ತೆ. ಅದು ನನ್ನದೇ ಕೆಲಸ, ಕೂಲಿ ಉಳೀತು.

ಹೆಂಡತಿ ಕೇಳಿದ ಪ್ರಶ್ನೆ ಇನ್ನೂ ನೇರ. "ರೀ, ಅರ್ಧಂಬರ್ಧ ಯಾಕೆ, ಪೂರ್ತಿ ಎಲೆಕ್ಟ್ರಿಕ್ಕೇ ತಗೊಳ್ಳಿ." ಅವಳ ಕಾರು ಎಲೆಕ್ಟ್ರಿಕ್ಕು, ಮನೆಯಿಂದಲೇ ಕೆಲಸ, ಹಾಗಾಗಿ ಆ ಮಾಡಿನ ಬಿಸಿಲೆಲ್ಲ ಅವಳ ಪಾಲು. ಅವಳಿಗೆ ಮಾತಾಡೋ ಹಕ್ಕಿದೆ. ಆದರೆ ಯೂಟ್‌ಗಳಲ್ಲಿ ಆಯ್ಕೆ ಕಮ್ಮಿ. 2022ರಲ್ಲಿ ಇಲ್ಲಿಗೆ ಬಂದ ಮೊದಲ ಎಲೆಕ್ಟ್ರಿಕ್ ಯೂಟ್, ಎಲ್‌ಡಿವಿ ಇಟಿ60, ಬೆಲೆ 92,990 ಡಾಲರ್, ಓಡೋದು 330 ಕಿಲೋಮೀಟರ್. ತಿಂಗಳಿಗೆ ಒಂದೆರಡು ಸಲ ನಾನು ಹಾರ್ಷಮ್ ಕಡೆ ಕೆಲಸಕ್ಕೆ ಹೋಗ್ತೀನಿ, ಒಂದು ದಿಕ್ಕಿಗೇ 260 ಆಗುತ್ತೆ. ಏಣಿ ಹೊತ್ತು ಎದುರುಗಾಳಿಯಲ್ಲಿ ಹೋಗೋ ಗಾಡಿಗೆ ಆ 330 ಎಲ್ಲಿ ಸಾಕು? ಮತ್ತೆ ಅವಳ ಆಫೀಸಿನ ಲೀಸ್‌ನಲ್ಲಿ ಪ್ಲಗ್-ಇನ್ ತಗೊಂಡಿದ್ದರೆ ತೆರಿಗೆ ವಿನಾಯಿತಿ ಸಿಗ್ತಿತ್ತು. ಅದು 2025ರ ಏಪ್ರಿಲ್ 1ಕ್ಕೆ ನಿಂತುಹೋಯ್ತು, ಪೂರ್ತಿ ಎಲೆಕ್ಟ್ರಿಕ್‌ಗೆ ಮಾತ್ರ ಉಳೀತು. ನಾನು ಯೋಚನೆ ಶುರು ಮಾಡಿದ್ದು ಆಮೇಲೆ. ನನ್ನ ಟೈಮಿಂಗ್ ಯಾವಾಗಲೂ ಹೀಗೇ.

ಆಸೆ ಹುಟ್ಟಿಸಿದ್ದು ಮೈಲೇಜ್ ಅಲ್ಲ, ನಿಜ ಹೇಳ್ತೀನಿ, ಶಾರ್ಕ್ ಗಾಡಿಯ ಹಿಂದಿನ ತೊಟ್ಟಿಯಲ್ಲಿರೋ ಸಾಕೆಟ್ಟುಗಳು. ಗಾಡಿಯ ಬ್ಯಾಟರಿಯಿಂದ 6.6 ಕಿಲೋವ್ಯಾಟ್‌ವರೆಗೆ ಹೊರಗೆ ಎಳೀಬಹುದು. ಹೊಸ ಮನೆಗಳ ಸೈಟಿನಲ್ಲಿ ಕರೆಂಟ್ ಇರಲ್ಲ, ಪಕ್ಕದ ಗಾರೆಯವರ ಜನರೇಟರಿಗೆ ಕೈ ಒಡ್ಡಬೇಕು. 2024ರ ಫೆಬ್ರವರಿ 13ರ ಬಿರುಗಾಳಿ ನೆನಪಿದೆಯಲ್ಲ? ಅನಾಕಿ ಹತ್ತಿರ ದೊಡ್ಡ ಲೈನಿನ ಆರು ಟವರ್‌ಗಳು ಮುರಿದು ಬಿದ್ದವು, ರಾಜ್ಯದಲ್ಲಿ ಐದು ಲಕ್ಷಕ್ಕೂ ಜಾಸ್ತಿ ಮನೆಗಳಿಗೆ ಕರೆಂಟ್ ಹೋಯ್ತು. ನಮ್ಮ ಫ್ರಿಜ್‌ನಲ್ಲಿ ವಾರಕ್ಕಾಗುವಷ್ಟು ದೋಸೆ ಹಿಟ್ಟಿತ್ತು. ಮಾರನೇ ದಿನ ಮುಚ್ಚಳ ತೆಗೆದಾಗ ಬಂದ ವಾಸನೆ ಇನ್ನೂ ಮೂಗಲ್ಲಿದೆ. ಅಂಥ ಗಾಡಿ ಬಾಗಿಲಲ್ಲಿ ನಿಂತಿದ್ದರೆ ಫ್ರಿಜ್ ಎರಡು ಮೂರು ದಿನ ಆರಾಮಾಗಿ ಓಡ್ತಿತ್ತು.

ಇಲ್ಲಿ ಒಂದು ಮಾತು ಎಲೆಕ್ಟ್ರಿಷಿಯನ್ ಆಗಿ ಹೇಳಲೇಬೇಕು. ಈ ಗಾಡಿ ತಗೊಂಡ ಪರಿಚಯದವರೊಬ್ಬರು, ನಮ್ಮ ಕಡೆಯವರೇ, "ಎರಡೂ ಕಡೆ ಪ್ಲಗ್ ಇರೋ ವೈರ್ ಒಂದು ಮಾಡಿಕೊಡಿ ಸಾರ್, ಕರೆಂಟ್ ಹೋದಾಗ ಮನೆ ಸಾಕೆಟ್ಟಿಗೆ ಚುಚ್ಚಿಬಿಡ್ತೀನಿ" ಅಂದರು. ಊರಲ್ಲಿ ಜನರೇಟರಿಗೆ ಹಾಗೆ ಮಾಡೋದನ್ನ ನಾನೂ ನೋಡಿದ್ದೇನೆ. ದಯವಿಟ್ಟು ಬೇಡ. ಒಂದು ತುದಿ ಗಾಡಿಗೆ ಸಿಕ್ಕಿಸಿದ ತಕ್ಷಣ ಇನ್ನೊಂದು ತುದಿಯ ಹಲ್ಲುಗಳಲ್ಲಿ ಬರಿಗೈಗೆ ಸಿಗೋ ಹಾಗೆ 230 ವೋಲ್ಟ್ ಇರುತ್ತೆ. ಮೇನ್ ಆಫ್ ಮಾಡೋದು ಮರೆತರೆ ಆ ಕರೆಂಟು ಹಿಂದಕ್ಕೆ ಲೈನಿಗೆ ಹೋಗುತ್ತೆ, ಟ್ರಾನ್ಸ್‌ಫಾರ್ಮರಿನಲ್ಲಿ ಏರಿ ಸಾವಿರಾರು ವೋಲ್ಟ್ ಆಗುತ್ತೆ, ಅಲ್ಲಿ ಕಂಬ ಹತ್ತಿರೋ ಲೈನ್‌ಮನ್ ಲೈನ್ ಸತ್ತಿದೆ ಅಂದುಕೊಂಡಿರ್ತಾನೆ. ಗಾಡಿಯಿಂದ ಎಕ್ಸ್‌ಟೆನ್ಷನ್ ಎಳೆದು ಫ್ರಿಜ್ಜಿಗೆ ಕೊಡಿ, ದೀಪಕ್ಕೆ ಕೊಡಿ. ಮನೆಗೆ ಕೊಡೋಕೆ ಬೇರೆ ಸ್ವಿಚ್ಚು, ಬೇರೆ ವೈರಿಂಗು ಬೇಕು. ಅವರಿಗೆ ನಾನು ಮಾಡಿಕೊಡಲಿಲ್ಲ, ಈಗ ಸಿಕ್ಕರೆ ಸರಿಯಾಗಿ ಮಾತಾಡಲ್ಲ.

ಮತ್ತೆ ಮೈಲೇಜ್‌ಗೆ ಬರೋಣ. ಅಪ್ಪನಿಗೆ ಉತ್ತರ ಕೊಡಲೇಬೇಕು ಅಂತ ಹಟ ಬಂತು. ಆರು ವಾರ, ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಮಗಳ ಹಳೇ ಕಾಪಿ ಪುಸ್ತಕ ಇಟ್ಟುಕೊಂಡು ಪ್ರತಿ ದಿನದ ಕಿಲೋಮೀಟರ್ ಬರೆದೆ. ಒಂದು ಕಡೆ ಅವಳ ಮಗ್ಗಿ, ಇನ್ನೊಂದು ಕಡೆ ನನ್ನ ಓಡಾಟ. 42 ದಿನದಲ್ಲಿ 33 ದಿನ ಎಪ್ಪತ್ತೈದು ಕಿಲೋಮೀಟರ್ ದಾಟಿಲ್ಲ. ಆರು ದಿನ ನೂರು ನೂರಹತ್ತು. ಮೂರು ದಿನ ಮಾತ್ರ ದೂರ. ಒಟ್ಟು 3,080 ಕಿಲೋಮೀಟರ್. ದಿನಾ ರಾತ್ರಿ ಬ್ಯಾಟರಿ ತುಂಬಿದ್ದರೆ ಅದರಲ್ಲಿ ಸುಮಾರು 2,190 ಕರೆಂಟಿನಲ್ಲೇ ಮುಗೀತಿತ್ತು. ಉಳಿದ 890ಕ್ಕೆ, ಏಣಿ ಭಾರ ಎಲ್ಲ ಸೇರಿಸಿ ನೂರಕ್ಕೆ 9 ಲೀಟರ್ ಅಂತ ಧಾರಾಳವಾಗಿ ಹಿಡಿದರೂ 80 ಲೀಟರ್. 3,080ನ್ನು 80ರಿಂದ ಭಾಗಿಸಿದರೆ ಲೀಟರಿಗೆ 38. ಒಂದು ದಿನವೂ ಚುಚ್ಚದಿದ್ದರೆ 11.

ದುಡ್ಡಿನ ಲೆಕ್ಕವೂ ಆಯ್ತು. ಈಗಿನ ಗಾಡಿ ಆರು ವಾರದಲ್ಲಿ ಕುಡಿದ ಡೀಸೆಲ್ ಸುಮಾರು 540 ಡಾಲರ್. ಪ್ಲಗ್-ಇನ್ ಆಗಿದ್ದರೆ ಪೆಟ್ರೋಲು, ರಾತ್ರಿ ಕರೆಂಟು ಸೇರಿ 200ರ ಒಳಗೆ. ವರ್ಷಕ್ಕೆ ಮೂರು ಸಾವಿರ ಉಳಿತಾಯ. ಕೇಳೋಕೆ ಚೆನ್ನಾಗಿದೆ, ಆದರೆ 58 ಸಾವಿರ ಸಾಲಕ್ಕೆ ನೂರಕ್ಕೆ ಏಳರಂತೆ ಬಡ್ಡಿಯೇ ಮೊದಲ ವರ್ಷ ನಾಲ್ಕು ಸಾವಿರ. ಸಾಲ ತೀರಿದ, ಓಡ್ತಿರೋ ಗಾಡಿಯನ್ನ ಉಳಿತಾಯಕ್ಕಾಗಿ ಮಾರೋದು ದಡ್ಡತನ. ಗಾಡಿ ಹೇಗೂ ಬದಲಾಯಿಸಬೇಕು ಅನ್ನೋ ದಿನ ಬಂದಾಗ ಡೀಸೆಲ್ ಬೇಡ, ಇದು ಇರಲಿ, ಅಷ್ಟು ಹೇಳಬಲ್ಲೆ. ಸರ್ಕಾರದ ಬಾಬತ್ತು ಬೇರೆ ಇದೆ. ವಿಕ್ಟೋರಿಯಾ ಸರ್ಕಾರ ಕರೆಂಟ್ ಗಾಡಿಗಳಿಗೂ ಪ್ಲಗ್-ಇನ್‌ಗಳಿಗೂ ಕಿಲೋಮೀಟರ್ ಲೆಕ್ಕದಲ್ಲಿ ಕಂದಾಯ ಹಾಕಿತ್ತು, 2023ರ ಅಕ್ಟೋಬರ್‌ನಲ್ಲಿ ಹೈಕೋರ್ಟ್ ಅದನ್ನ ಹೊಡೆದುಹಾಕಿತು. ಇಲ್ಲಿ ಹೈಕೋರ್ಟೇ ದೇಶದ ದೊಡ್ಡ ಕೋರ್ಟು. ಆದರೆ ಲೀಟರಿಗೆ ಐವತ್ತು ಸೆಂಟಿನ ಪೆಟ್ರೋಲ್ ಸುಂಕ ಕೈ ಬಿಟ್ಟುಹೋದರೆ ಯಾವ ಸರ್ಕಾರ ಸುಮ್ನಿರುತ್ತೆ? ಇನ್ನೊಂದು ರೂಪದಲ್ಲಿ ಬಂದೇ ಬರುತ್ತೆ.

ಮೊನ್ನೆ ಶನಿವಾರ ಮಳೆ, ಕೆಲಸ ಇರಲಿಲ್ಲ. ಗ್ಯಾರೇಜಿನಲ್ಲಿ ಒಂದಷ್ಟು ಆರು ಎಂಎಂ ಕೇಬಲ್ ಉಳಿದಿತ್ತು. ಮೀಟರ್ ಬೋರ್ಡಿನಿಂದ ಗ್ಯಾರೇಜಿನ ಎಡಗೋಡೆವರೆಗೆ ಪೈಪಿನಲ್ಲಿ ಎಳೆದು, ತುದಿಗೆ ಟೇಪ್ ಸುತ್ತಿ, ಸುರುಳಿ ಮಾಡಿ ಮೊಳೆಗೆ ನೇತುಹಾಕಿದೆ. ಚಾರ್ಜರ್ ಇಲ್ಲ, ಗಾಡಿಯೂ ಇಲ್ಲ. ಹೆಂಡತಿ ಅದನ್ನ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದಳು. "ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸ್ದ ನೋಡು" ಅಂತ ಅಮ್ಮ ನಕ್ಕರು. ಹಿಂದಿನಿಂದ ಅಪ್ಪನ ದನಿ ಕೇಳಿಸ್ತು, "ಮೈಲೇಜ್ ಗೊತ್ತಾಯ್ತಂತಾ?"

"ಮೂವತ್ತೆಂಟು ಕಣಪ್ಪ. ದಿನಾ ರಾತ್ರಿ ಚಾರ್ಜಿಗೆ ಹಾಕಿದ್ರೆ."

"ಹಾಕ್ದಿದ್ರೆ?"

"ಹನ್ನೊಂದು."

"ಹಂಗಾದ್ರೆ ಹನ್ನೊಂದು ಅಂತ್ಲೇ ಇಟ್ಕೋ. ಸಾಯಂಕಾಲ ಎಮ್ಮೆಗೆ ಹುಲ್ಲು ಹಾಕೋದು ಯಾವತ್ತಾದ್ರೂ ನೆನಪಿಟ್ಕೊಂಡಿದ್ಯಾ ನೀನು?"

ನಿನ್ನೆ ಸ್ಕೂಲಿನ ಗೇಟ್ ಹತ್ತಿರ ಮತ್ತೆ ಹಳದಿ ದೀಪ ಬಂತು. ಈ ಭಾನುವಾರ ರಾತ್ರಿ ಬ್ಯಾಲರಾಟ್‌ಗೆ ಮಗಳೂ ಬರ್ತೀನಿ ಅಂತಿದ್ದಾಳೆ, ಬಂಕ್‌ನಲ್ಲಿ ಚಿಪ್ಸ್ ಕೊಡಿಸಬೇಕಂತೆ.